ಕೊರಾಹೆ ಎಂದರೆ ಸಿಟ್ಟು

ಆ ಅಡುಗೆಮನೆಯಲ್ಲಿ ನನ್ನ ಕೈಗಿದ್ದ ಕೆಲಸ ತರಕಾರಿ ಹೆಚ್ಚುವುದು. ಬಾಯಿಗಿದ್ದ ಕೆಲಸ, ಯಜಮಾನಿ ಕನ್ನಡದಲ್ಲಿ ಬೈದದ್ದನ್ನು ಸ್ಪ್ಯಾನಿಶ್‌ನಲ್ಲಿ ಮೆತ್ತಗೆ ಮಾಡಿ ಹೇಳುವುದು. ಸೇರುವಾಗ ನನಗೆ ಸ್ಪ್ಯಾನಿಶ್‌ನ ಒಂದಕ್ಷರವೂ ಬರುತ್ತಿರಲಿಲ್ಲ. ಅದು ಯಜಮಾನಿಗೆ ದೊಡ್ಡ ವಿಷಯವಾಗಿ ಕಾಣಲಿಲ್ಲ.

ಅದಕ್ಕೂ ಮೊದಲು ಕೆಲವು ವರ್ಷ ನಾನು ಕರ್ಕ್‌ಲ್ಯಾಂಡ್‌ನ ಅಪಾರ್ಟ್‌ಮೆಂಟಿನಲ್ಲಿ ಕೂತು ಸರೋವರ ನೋಡಿದವಳು. ಧಾರವಾಡದಲ್ಲಿ ಕಾಲೇಜು ಹುಡುಗರಿಗೆ ಕಾಮರ್ಸ್ ಪಾಠ ಹೇಳುತ್ತಿದ್ದೆ. ಇಲ್ಲಿ ಗಂಡನ ವೀಸಾದ ಬಾಲ ಹಿಡಿದು ಬಂದವಳು, ದುಡಿಯುವಂತಿಲ್ಲ. "ಇಡೀ ದಿನ ಏನ್ಮಾಡ್ತೀರ?" ಎಂದು ಕೇಳುವವರಿಗೆಲ್ಲ ನಕ್ಕು ಉತ್ತರ ಕೊಟ್ಟು ಕೊಟ್ಟು ದವಡೆ ನೋಯುತ್ತಿತ್ತು. ಆಮೇಲೊಂದು ವರ್ಷ ಕಾನೂನು ಬದಲಾಗಿ ನಮ್ಮಂಥ ಕೆಲವರಿಗೆ ದುಡಿಯುವ ಅನುಮತಿ ಬಂತು. ಅನುಮತಿ ಬಂತೇ ಹೊರತು ಕೆಲಸ ಬರಲಿಲ್ಲ. ಇಷ್ಟು ವರ್ಷ ಮನೆಯಲ್ಲಿ ಕೂತವಳ ಪಾಠ ಯಾರಿಗೆ ಬೇಕು?

ಕೊನೆಗೆ ಕೆಲಸ ಕೊಟ್ಟವಳು ನಮ್ಮ ಕನ್ನಡದವರೆಲ್ಲ "ಅಕ್ಕ" ಎಂದು ಕರೆಯುತ್ತಿದ್ದ ಹೆಂಗಸು. ಬೆಂಗಳೂರಿನವಳು. ಊರ ಹೊರಗಿನ ಒಂದು ಶೆಡ್ಡಿನಲ್ಲಿ ಕೇಟರಿಂಗ್ ಅಡುಗೆಮನೆ ನಡೆಸುತ್ತಿದ್ದಳು. ಮಧ್ಯಾಹ್ನದ ಊಟದ ಡಬ್ಬಿಗಳು ಕರ್ಕ್‌ಲ್ಯಾಂಡ್‌ನ ಆಫೀಸುಗಳಿಗೂ ಸೇತುವೆ ದಾಟಿ ಡೆನ್ನಿ ಟ್ರಯಾಂಗಲ್‌ನ ಗಾಜಿನ ಕಟ್ಟಡಗಳಿಗೂ ಹೋಗುತ್ತಿದ್ದವು. ಹಬ್ಬ, ನಾಮಕರಣ, ಗೃಹಪ್ರವೇಶ, ಯಾವುದಿದ್ದರೂ ಅಕ್ಕನದೇ ಬಿಸಿಬೇಳೆಭಾತು.

"ನೋಡು ಕಣೆ, ನಿಂಗೆ ಬಾಯಿ ಚೆನ್ನಾಗಿದೆ," ಎಂದಳು. "ಕಿಚನ್‌ನಲ್ಲಿ ಎಲ್ಲಾ ಮೆಕ್ಸಿಕನ್ಸು. ಅವರ ಹತ್ರ ಮಾತಾಡಿ ಮಾತಾಡಿ ನಂಗೆ ಸಾಕಾಗಿದೆ. ನೀನು ಸ್ವಲ್ಪ ಸ್ಪ್ಯಾನಿಶ್ ಕಲ್ತು ಅವರನ್ನ ಮ್ಯಾನೇಜ್ ಮಾಡು."

ಕಲಿಯಲು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡೆ. ಹುಡುಗ ಸೇಬು ತಿನ್ನುತ್ತಾನೆ, ಆನೆ ಹಾಲು ಕುಡಿಯುತ್ತದೆ ಎಂದು ಅದು ಕಲಿಸಿತು. ನನಗೆ ಬೇಕಾಗಿದ್ದದ್ದು ಈರುಳ್ಳಿ ಸಣ್ಣಗೆ ಹೆಚ್ಚಿ, ನೆಲ ಜಾರುತ್ತದೆ, ಒಲೆ ಸಣ್ಣ ಮಾಡಿ. ಆ ಮಾತುಗಳನ್ನು ಕಲಿಸಿದವಳು ಅಡುಗೆಮನೆಯ ಹಿರಿಯಳು. ಐವತ್ತರ ಆಸುಪಾಸು, ಗಿಡ್ಡ ದೇಹ, ಗಟ್ಟಿ ಗಂಟಲು. ಜೊತೆಯ ಕೆಲಸದವರು ಅವಳನ್ನು "ದೋನ್ಯಾ" ಎನ್ನುತ್ತಿದ್ದರು. ನಮ್ಮ ಕಡೆ "ಅಕ್ಕಾರ" ಎಂದ ಹಾಗೆ ಅದೊಂದು ಮರ್ಯಾದೆಯ ಮಾತು. ನಾನು ಟೀಚರಾಗಿದ್ದೆ ಎಂದು ಗೊತ್ತಾದ ಮೇಲೆ ಅವಳು ನನ್ನನ್ನು "ಮಾಯೆಸ್ತ್ರಾ" ಎಂದು ಕರೆಯತೊಡಗಿದಳು. ಹಾಗೆಂದರೆ ಟೀಚರಮ್ಮ. ಅರ್ಧ ಗೌರವ, ಅರ್ಧ ಗೇಲಿ.

ಪಾಠ ಹೇಳಿಕೊಡುವ ತಾಳ್ಮೆ ಅವಳಿಗಿರಲಿಲ್ಲ. ತಪ್ಪಾಡಿದರೆ ಇಡೀ ಅಡುಗೆಮನೆಗೆ ಕೇಳುವ ಹಾಗೆ ನಗುತ್ತಿದ್ದಳು. ಆದರೆ ಪ್ರತಿದಿನ ನಾನು ಏಪ್ರನ್ ಕಟ್ಟುವಾಗ ಮೊದಲು ಕೇಳುತ್ತಿದ್ದದ್ದು "ಯಾ ಕೊಮಿಯೋ?" ಎಂದು. ಊಟ ಆತೇನ್ರಿ? ಈ ದೇಶಕ್ಕೆ ಬಂದ ಮೇಲೆ ನನ್ನನ್ನು ಹಾಗೆ ದಿನವೂ ಕೇಳಿದ ಇನ್ನೊಬ್ಬರಿರಲಿಲ್ಲ. ಅವಳ ಮಾತು ಅರ್ಥವಾಗುತ್ತ ಹೋದ ಹಾಗೆ ಅದು ನನ್ನ ಕಿವಿಗೆ ಧಾರವಾಡದ ಕನ್ನಡದಲ್ಲೇ ಬೀಳತೊಡಗಿತು. ಅದಕ್ಕೇ ಇಲ್ಲಿಯೂ ಅವಳ ಮಾತನ್ನು ನನ್ನ ಮನೆಯ ಕನ್ನಡದಲ್ಲಿ ಬರೆಯುತ್ತೇನೆ. ಬೆಂಗಳೂರಿನ ಕನ್ನಡದಲ್ಲಿ ಬರೆದರೆ ಅದು ಅವಳಾಗುವುದಿಲ್ಲ.

ಅಕ್ಕ ಒಳಗೆ ಬಂದು ಹೋದಾಗಲೆಲ್ಲ ದೋನ್ಯಾ ಮತ್ತು ಉಳಿದವರು ತಮ್ಮ ಮೊಣಕೈ ತಟ್ಟಿಕೊಳ್ಳುತ್ತಿದ್ದರು. ದೊಡ್ಡ ಪಾತ್ರೆ ಎತ್ತಿ ಎತ್ತಿ ನೋವಿರಬೇಕು ಎಂದು ನಾನು ಅಂದುಕೊಂಡೆ. ಅಕ್ಕನೂ ಹಾಗೇ ಅಂದುಕೊಂಡಳು. ಒಂದು ದಿನ ನೋವಿನ ಮುಲಾಮಿನ ಡಬ್ಬಿ ತಂದು, "ನಾನು ಇವರನ್ನ ಮನೆಯವರ ಥರ ನೋಡ್ಕೋತೀನಿ, ಗೊತ್ತಾ?" ಎಂದು ಕಪಾಟಿನಲ್ಲಿಟ್ಟಳು. ಅವಳು ಹೊರಗೆ ಹೋದ ಮೇಲೆ ದೋನ್ಯಾ ನಗು ತಡೆಯಲಾರದೆ ಮೂಲೆಯ ಸಿಂಕಿಗೆ ಆತು ನಿಂತಳು. "ಕೋದೋ" ಎಂದರೆ ಮೊಣಕೈ; ಅವರ ಆಡುಮಾತಿನಲ್ಲಿ ಜುಗ್ಗ. ಹೆಂಗಸಾದರೆ ಕೋದಾ.

"ಆಓರಿತಾ" ಎಂಬ ಮಾತಂತೂ ಪ್ರತಿದಿನ ಜಗಳ ತರುತ್ತಿತ್ತು. ಆ್ಯಪ್ ಪ್ರಕಾರ ಅದರರ್ಥ "ಈಗಲೇ". ಅಡುಗೆಮನೆಯಲ್ಲಿ ಅದು ನಮ್ಮೂರ ಪ್ಲಂಬರ್ "ಈಗ ಬಂದೆ" ಎಂದು ಹೇಳಿ ಹೋದ ಹಾಗೆ. ಅಕ್ಕ ನನ್ನ ಮೇಲೆ ಹಾರುತ್ತಿದ್ದಳು: "ಈಗ್ಲೇ ಮಾಡ್ತೀನಿ ಅಂದ್ಲು ಅಂತ ನೀನೇ ಹೇಳ್ದೆ, ಎಲ್ಲಿ?" ಬೈಸಿಕೊಳ್ಳುವುದು ಎರಡೂ ಭಾಷೆಯಲ್ಲಿ ನನ್ನ ಪಾಲಿಗೇ ಬರುತ್ತಿತ್ತು.

ನಾನು ತಮಾಷೆಯ ದಿನಗಳನ್ನು ಮೊದಲು ಬರೆಯುತ್ತಿದ್ದೇನೆ. ಯಾಕೆಂದರೆ ಅವು ಬೇಗ ಮುಗಿದವು.

ಒಂದು ಸಲ ಗೋಡಂಬಿ ಚೀಲವೊಂದು ಲೆಕ್ಕಕ್ಕೆ ಸಿಗಲಿಲ್ಲ ಎಂದು ಅಕ್ಕ ಹೊಸ ನಿಯಮ ಮಾಡಿದಳು. ಮನೆಗೆ ಹೋಗುವಾಗ ಎಲ್ಲರೂ ಬ್ಯಾಗು ತೆರೆದು ತೋರಿಸಬೇಕು. ಅದನ್ನು ಹೇಳುವ ಕೆಲಸವೂ ನನ್ನದು. ಹೇಳಿದೆ. ಅವರು ಸಾಲಾಗಿ ನಿಂತು ತೋರಿಸಿದರು. ದೋನ್ಯಾಳ ಬ್ಯಾಗಿನಲ್ಲಿ ಒಂದು ಸ್ವೆಟರ್, ಖಾಲಿ ಡಬ್ಬಿ, ಬಸ್ಸಿನ ಕಾರ್ಡು. ನನ್ನ ಸರದಿ ಬಂದಾಗ ನಾನೂ ಬ್ಯಾಗಿನ ಜಿಪ್ ಎಳೆದೆ. ಅಕ್ಕ ಕೈ ಬೀಸಿ, "ಅಯ್ಯೋ, ನೀನ್ಯಾಕೆ? ಹೋಗು ಹೋಗು," ಎಂದಳು. ಎಲ್ಲರ ಎದುರಿಗೇ.

ದೋನ್ಯಾ ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ "ಮೆ ದಾ ಕೊರಾಹೆ" ಎಂದು ಹೊರಟುಹೋದಳು. ಮನೆಗೆ ಬಂದು ಆ್ಯಪ್‌ನಲ್ಲಿ ಹುಡುಕಿದೆ. ಕೊರಾಹೆ ಎಂದರೆ ಧೈರ್ಯ ಎಂದಿತು. ಅವಳಿಗೆ ಧೈರ್ಯ ಬರುವಂಥದ್ದು ಇದರಲ್ಲಿ ಏನಿತ್ತು? ಮರುದಿನ ಅವಳನ್ನೇ ಕೇಳಿದೆ.

"ಧೈರ್ಯ ಅಲ್ರಿ ಮಾಯೆಸ್ತ್ರಾ. ಅದು ಪುಸ್ತಕದಾಗಿನ ಮಾತು. ನಮ್ಮಲ್ಲೆ ಕೊರಾಹೆ ಅಂದ್ರ ಸಿಟ್ಟು. ಹೊಟ್ಟ್ಯಾಗ ಕುದಿಯೂ ಸಿಟ್ಟು." ಕೈಯನ್ನು ಹೊಟ್ಟೆಯ ಮೇಲಿಟ್ಟು ತೋರಿಸಿದಳು. "ನಿಮಗ ನಿನ್ನೆ ಬರಲಿಲ್ಲೇನು?"

ಬಂದಿತ್ತು. ಆದರೆ ನಾನು ಜಿಪ್ ಎಳೆದು ಮುಚ್ಚಿ ಮನೆಗೆ ಹೋಗಿದ್ದೆ.

ಅದಾದ ಮೇಲೆ ಮರ್ಸರ್ ಐಲ್ಯಾಂಡ್‌ನ ಒಬ್ಬರ ಮನೆಯಲ್ಲಿ ಯುಗಾದಿ ಊಟ. ನೀರಿನಂಚಿನ ಮನೆ, ಹಿತ್ತಲಿನಲ್ಲಿ ಸ್ವಂತ ದೋಣಿ. ನಾನು ಗಂಡನ ಜೊತೆ ಅತಿಥಿಯಾಗಿ ಹೋಗಿದ್ದೆ. ಅಕ್ಕ ನನ್ನನ್ನು ಹೆಂಗಸರ ಗುಂಪಿಗೆ ಎಳೆದು, "ಇವಳು ನಮ್ಮ ಸ್ಪ್ಯಾನಿಶ್ ಎಕ್ಸ್‌ಪರ್ಟು," ಎಂದು ಪರಿಚಯಿಸಿದಳು. ಒಬ್ಬಳು ನಕ್ಕು, "ಧಾರವಾಡದವರ ಕನ್ನಡವೇ ಜಗಳ ಆಡ್ದಂಗಿರತ್ತೆ, ಇನ್ನು ಸ್ಪ್ಯಾನಿಶ್ ಹೇಗಿರತ್ತೋ!" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅಭ್ಯಾಸವಾಗಿತ್ತು.

ಆಮೇಲೆ ಎಲ್ಲರಿಗೂ ಸ್ಪ್ಯಾನಿಶ್ ಬೇಕಾಯಿತು. ಮನೆ ಕ್ಲೀನ್ ಮಾಡಲು ಬರುವವಳಿಗೆ ಹೇಳಲು. "ಬಾತ್‌ರೂಮ್ ಸರಿಯಾಗಿ ತೊಳಿ ಅನ್ನೋದು ಹೇಗೆ?" "ಬೇಗ ಬೇಗ ಅನ್ನೋದು?" "ಫೋನ್ ನೋಡ್ಬೇಡ ಅನ್ನೋದು ಹೇಳ್ಕೊಡಿ." ಒಬ್ಬಳಾದರೂ "ಊಟ ಆಯ್ತಾ" ಅನ್ನುವುದು ಹೇಗೆ ಎಂದು ಕೇಳಲಿಲ್ಲ. ನಾನು ಪಾಠ ಹೇಳಿ ಗೊತ್ತಿದ್ದವಳು. ಹೋಳಿಗೆಯ ತಟ್ಟೆ ಕೆಳಗಿಟ್ಟು, ಎಲ್ಲರಿಗೂ ಒಂದೇ ವಾಕ್ಯ ಕಲಿಸಿದೆ. "ಬಂದ ತಕ್ಷಣ ನಗ್ತಾ ಇದನ್ನ ಹೇಳಿ, ಆಮೇಲೆ ನೋಡಿ ಹೆಂಗೆ ಕೆಲಸ ಮಾಡ್ತಾಳೆ: ಸೋಯ್ ಮುಯ್ ಕೋದಾ." ನಾನು ಬಹಳ ಜುಗ್ಗಿ ಎಂದರ್ಥ. ಅವರು ಒಬ್ಬೊಬ್ಬರಾಗಿ ಉಚ್ಚಾರ ತಿದ್ದಿಸಿಕೊಂಡು, ರೇಷ್ಮೆ ಸೀರೆಯಲ್ಲಿ ಕೂತು, ಒಕ್ಕೊರಲಿನಿಂದ ಹೇಳಿದರು. ಆ ವರ್ಷದಲ್ಲಿ ನನಗೆ ಸಿಕ್ಕ ಒಂದೇ ಹಬ್ಬ ಅದು.

ಈಗ ಆ ಪಾತ್ರೆಯ ವಿಷಯ.

ಸಾಂಬಾರು ಕುದಿಸುವ ಅತಿ ದೊಡ್ಡ ಪಾತ್ರೆಯ ಒಂದು ಹಿಡಿ ಸಡಿಲವಾಗಿತ್ತು. ಇಬ್ಬರು ಎರಡು ಬದಿ ಹಿಡಿದು ಎತ್ತಿದರೆ ಆ ಕಡೆಯ ಹಿಡಿ ಕಟಕಟ ಅನ್ನುತ್ತಿತ್ತು. ದೋನ್ಯಾ ಅದನ್ನು ನನಗೆ ತೋರಿಸಿದಳು. ನಾನು ಅಕ್ಕನಿಗೆ ಹೇಳಿದೆ. "ದೀಪಾವಳಿ ಆರ್ಡರ್ ಮುಗೀಲಿ, ನೋಡೋಣ," ಎಂದಳು. ಮತ್ತೊಮ್ಮೆ ಹೇಳಿದೆ. "ದಪ್ಪ ಬಟ್ಟೆ ಹಾಕಿ ಹಿಡ್ಕೋಳಕ್ಕೆ ಹೇಳು. ಇವರಿಗೆ ಎಲ್ಲದಕ್ಕೂ ಕಂಪ್ಲೇಂಟು." ಆ ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನು ಮಾತ್ರ ದೋನ್ಯಾಗೆ ದಾಟಿಸಿದೆ. ಅವಳು ಮೊಣಕೈ ತಟ್ಟಿಕೊಂಡಳು.

ದೀಪಾವಳಿಯ ವಾರ ಡಬ್ಬಿಗಳು ಗುಡ್ಡೆ ಬಿದ್ದಿದ್ದವು. ಬೆಳಿಗ್ಗೆ ಪಾತ್ರೆಯನ್ನು ಒಲೆಯಿಂದ ಇಳಿಸುವಾಗ ಆ ಹಿಡಿ ಕಿತ್ತು ಬಂತು. ಪಾತ್ರೆ ಓರೆಯಾಗಿ, ಕುದಿಯುವ ಸಾಂಬಾರು ದೋನ್ಯಾಳ ಎಡ ಮುಂಗೈ ಮೇಲೂ ಕಾಲಿನ ಮೇಲೂ ಸುರಿಯಿತು. ಅವಳು ಕೂಗಿದ್ದು ಯಾವ ಭಾಷೆಯೂ ಅಲ್ಲ. ಅವಳ ಶೂ ಬಿಚ್ಚುವಾಗ ಕಾಲುಚೀಲದ ಜೊತೆ ಚರ್ಮವೂ ಬಂತು. ನಾವು ಅವಳನ್ನು ಸಿಂಕಿನ ಪಕ್ಕ ಕೂರಿಸಿ ತಣ್ಣೀರು ಬಿಟ್ಟೆವು. ನಾನು ಆಂಬುಲೆನ್ಸಿಗೆ ಫೋನ್ ಮಾಡಲು ಹೋದಾಗ ಅಕ್ಕ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದಳು.

"ಬೇಡ, ಬೇಡ. ಆಂಬುಲೆನ್ಸ್ ಬಂದ್ರೆ ಪೊಲೀಸು, ಇನ್ಸ್‌ಪೆಕ್ಟರು ಎಲ್ಲಾ ಬರ್ತಾರೆ. ನಿನ್ನ ಕಾರಲ್ಲಿ ಕ್ಲಿನಿಕ್‌ಗೆ ಕರ್ಕೊಂಡು ಹೋಗು. ಮನೇಲಿ ಅಡುಗೆ ಮಾಡ್ತಾ ಸುಟ್ಕೊಂಡ್ಲು ಅಂತ ಹೇಳು. ನೀನೇ ತಾನೆ ಟ್ರಾನ್ಸ್‌ಲೇಟ್ ಮಾಡೋದು?"

"ಅಕ್ಕಾ, ಸುಳ್ಳು ಹೇಳ್ಲಾ?"

"ಸುಳ್ಳಲ್ಲ ಕಣೆ, ಅವಳ ಒಳ್ಳೇದಕ್ಕೆ. ಅವಳಿಗೆ ಪೇಪರ್ಸ್ ಇದ್ಯೋ ಇಲ್ವೋ ಯಾರಿಗೆ ಗೊತ್ತು? ಕೇಳಿದ್ರೆ ಅವಳಿಗೇ ತೊಂದರೆ. ಹೋಗು, ಬೇಗ ಹೋಗು, ಡಬ್ಬಿ ನಾನು ಹೇಗೋ ಮ್ಯಾನೇಜ್ ಮಾಡ್ತೀನಿ."

ಆ ಹೊತ್ತಿಗೂ ಅವಳ ಬಾಯಲ್ಲಿ ಡಬ್ಬಿಯ ಮಾತಿತ್ತು.

ಕಾರಿನಲ್ಲಿ ದೋನ್ಯಾ ಹಲ್ಲು ಕಚ್ಚಿ ಕೂತಿದ್ದಳು. ಅಕ್ಕ ಹೇಳಿದ್ದನ್ನು ಹೇಳಿದೆ. ಅವಳು ಕಣ್ಣು ಮುಚ್ಚಿಯೇ, "ಹಂಗs ಹೇಳ್ರಿ. ಮನ್ಯಾಗ ಆತು ಅಂತ ಹೇಳ್ರಿ," ಎಂದಳು. ನನ್ನ ಹೊಟ್ಟೆಯಲ್ಲಿ ಕುದಿಯುತ್ತಿದ್ದದ್ದು ಗೋಡಂಬಿಯ ದಿನದ್ದೋ, ಮರ್ಸರ್ ಐಲ್ಯಾಂಡ್‌ನ ನಗೆಯದ್ದೋ, ಸರೋವರ ನೋಡಿ ಕಳೆದ ವರ್ಷಗಳದ್ದೋ, ಬೇರೆ ಮಾಡಿ ಹೇಳಲಾರೆ.

ಕ್ಲಿನಿಕ್‌ನ ನರ್ಸ್ ಗಾಯ ನೋಡುತ್ತಲೇ ಇಂಗ್ಲಿಷಿನಲ್ಲಿ ಕೇಳಿದಳು: ಇದು ಹೇಗಾಯಿತು, ಎಲ್ಲಿ ಆಯಿತು? ನಾನು ಆ ಪ್ರಶ್ನೆಯನ್ನು ಸ್ಪ್ಯಾನಿಶ್‌ಗೆ ತಿರುಗಿಸಿದೆ. ದೋನ್ಯಾ ನನ್ನ ಮುಖ ನೋಡಿ, "ಮನ್ಯಾಗ," ಎಂದಳು. ನಾನು ನರ್ಸಿನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದೆ: "ಕೆಲಸದ ಜಾಗದಲ್ಲಿ. ಪಾತ್ರೆಯ ಹಿಡಿ ಮುರಿದಿತ್ತು. ಯಜಮಾನಿಗೆ ಮೊದಲೇ ಗೊತ್ತಿತ್ತು."

ದೋನ್ಯಾಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದಲ್ಲ, ಆಡುತ್ತಿರಲಿಲ್ಲ, ಅಷ್ಟೇ. ಕೆಲಸ ಎಂಬ ಮಾತೂ ಯಜಮಾನಿ ಎಂಬ ಮಾತೂ ಅವಳಿಗೆ ಚೆನ್ನಾಗಿ ತಿಳಿಯುತ್ತಿದ್ದವು. ಸುಟ್ಟ ಕೈಯನ್ನು ಹಾಗೇ ಮೇಲಿಟ್ಟುಕೊಂಡು ನನ್ನ ಮೇಲೆ ಎರಗಿದಳು.

"ಮೆತಿಚೆ! ನಿನ್ನ ಕೇಳಿದ್ರೇನು? ನಾ ಹೇಳಿದ್ದು ಹೇಳಬೇಕಿತ್ತು ನೀನು. ನಿನಗ ಸಿಟ್ಟು ಬಂದ್ರ ಗಂಡನ ಮನಿಗೆ ಹೋಗ್ತಿ, ಬಾಗಲಾ ಹಾಕ್ಕೋತಿ. ನಾ ಎಲ್ಲಿಗೆ ಹೋಗ್ಲಿ? ನಾಳೆ ಅಕಿ ನನ್ನ ತಗದಳಂದ್ರ ನೀ ಕೊಡ್ತಿಯೇನು ಚಾಂಬಾ?"

ಚಾಂಬಾ ಎಂದರೆ ದುಡಿಮೆ, ಹೊಟ್ಟೆಪಾಡಿನ ಕೆಲಸ. ಮೆತಿಚೆ ಎಂದರೆ ಕರೆಯದೆ ಮಧ್ಯೆ ಮೂಗು ತೂರಿಸುವವಳು. ಅಲ್ಲಿಯವರೆಗೂ ನನಗೆ ಬಹುವಚನ ಬಳಸುತ್ತಿದ್ದವಳು ಅವತ್ತು ಮೊದಲ ಸಲ ಏಕವಚನಕ್ಕೆ ಇಳಿದಿದ್ದಳು. ಅವಳಾಡಿದ ಮಾತಿನಲ್ಲಿ ಒಂದೂ ಬಿಡದಂತೆ ಅರ್ಥವಾದದ್ದು ಅದೇ ಮೊದಲು. ಆ್ಯಪ್ ಬೇಕಾಗಲಿಲ್ಲ, ಎರಡನೆಯ ಸಲ ಹೇಳು ಎನ್ನಬೇಕಾಗಲಿಲ್ಲ.

ನರ್ಸ್ ನಮ್ಮಿಬ್ಬರನ್ನೂ ನೋಡಿ, ನನ್ನನ್ನು ಹೊರಗೆ ಕೂರಲು ಹೇಳಿ, ಫೋನಿನಲ್ಲಿ ಬೇರೊಬ್ಬ ಅನುವಾದಕಿಯನ್ನು ಕರೆಸಿಕೊಂಡಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಕೆಲಸದ ಜಾಗದ ಗಾಯಕ್ಕೆ ಕೆಲಸಗಾರರ ವಿಮೆಯೇ ಖರ್ಚು ನೋಡಿಕೊಳ್ಳುತ್ತದೆ, ಇಲ್ಲಿ ಯಾರೂ ನಿನ್ನ ವೀಸಾ ಕೇಳುವುದಿಲ್ಲ ಎಂದು ಫೋನಿನ ದನಿ ಶುದ್ಧ ಸ್ಪ್ಯಾನಿಶ್‌ನಲ್ಲಿ ಹೇಳುವುದು ಕೇಳಿತು. ಖರ್ಚಿನ ಮಾತನ್ನು ದೋನ್ಯಾ ಇನ್ನೊಮ್ಮೆ ಕೇಳಿ ತಿಳಿದುಕೊಂಡಳು. ಆಮೇಲೆ ಪಾತ್ರೆಯ ವಿಷಯವನ್ನು ತಾನೇ ಹೇಳಿದಳು, ನಾನು ಹೇಳಿದ್ದಕ್ಕಿಂತ ಚೆನ್ನಾಗಿ. ಆದರೆ ಹೊರಗೆ ಬಂದಾಗ ನನ್ನ ಕಾರು ಹತ್ತಲಿಲ್ಲ. ತಂಗಿಯ ಗಂಡನಿಗೆ ಫೋನ್ ಮಾಡಿ ಕಟ್ಟೆಯ ಮೇಲೆ ಕಾಯುತ್ತ ಕೂತಳು. ನಾನೂ ಸ್ವಲ್ಪ ದೂರದಲ್ಲಿ ಕೂತೆ. ನೀರಿನ ಬಾಟಲಿ ಕೊಟ್ಟರೆ ತೆಗೆದುಕೊಳ್ಳಲಿಲ್ಲ.

ಅಡುಗೆಮನೆಗೆ ಹಿಂತಿರುಗಿದಾಗ ಅಕ್ಕನಿಗೆ ಕ್ಲಿನಿಕ್‌ನಿಂದ ಫೋನ್ ಬಂದಾಗಿತ್ತು.

"ನಿನಗೆ ಕೆಲಸ ಕೊಟ್ಟಿದ್ದು ಯಾರು? ನಮ್ಮವರೇ ನಮ್ಮವರಿಗೆ ಹೀಗೆ ಮಾಡಿದ್ರೆ? ಅವಳು ಯಾರು ನಿಂಗೆ? ಕನ್ನಡದವಳಾ?"

ಅಷ್ಟು ವರ್ಷ ಬೆಂಗಳೂರಿನವರ ಮುಂದೆ ನಾನು ನನ್ನ ನಾಲಿಗೆಯನ್ನು ಮಡಚಿ, ಮಾಡ್ತೀನಿ, ಬರ್ತೀನಿ ಎಂದು ನಯವಾಗಿ ಮಾತಾಡುತ್ತಿದ್ದೆ. ಅವತ್ತು ಆ ಮಡಿಕೆ ಬಿಚ್ಚಿಕೊಂಡಿತು.

"ಹಿಡಿ ಸಡ್ಲಾಗೇದ ಅಂತ ಎಷ್ಟ ಸಲ ಹೇಳೀನಿ ನಿಮಗ? ಬಟ್ಟಿ ಹಾಕಿ ಹಿಡೀರಿ ಅಂದ್ರಿ. ಅಕಿ ಕಾಲಿನ ಚರ್ಮಾ ನನ್ನ ಕೈಯಾಗ ಬಂತು, ಕೈಯಾಗ! ನೀವು ಡಬ್ಬಿ ಎಣಸಾಕತ್ತಿದ್ರಿ. ನಮ್ಮವರು ಅಂತೀರಲ್ಲ, ನಮ್ಮವರ ಬ್ಯಾಗ್ ಯಾಕ ನೋಡಲಿಲ್ಲ ಅವತ್ತು? ನಾ ಕಳ್ಳಿ ಆಗಿರಬಾರದೇನು? ನನ್ನ ಬಾಯಿ ಚಲೋ ಅದ ಅಂತ ಕರದ್ರಿ. ಆ ಬಾಯಿ ಸುಳ್ಳ ಹೇಳ್ಲಿಕ್ಕೆ ಇಟ್ಟೀನಿ ಅಂತ ತಿಳಕೊಂಡ್ರೇನು?"

ಇನ್ನೂ ಹೇಳಿದೆ. ಎಲ್ಲವನ್ನೂ ಬರೆಯುವುದಿಲ್ಲ. ಕನ್ನಡ ಸಾಲದೆ ಹೋದಾಗ ಸ್ಪ್ಯಾನಿಶ್‌ಗೂ ಹೋದೆ. ಒಲೆಯ ಬಳಿ ನಿಂತಿದ್ದವರು ಕೈಕೆಲಸ ನಿಲ್ಲಿಸಿ ನೋಡಿದರು. ಯಾರೂ ನಗಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಏಪ್ರನ್ ಬಿಚ್ಚಿಟ್ಟು ಬಂದೆ.

ಸುದ್ದಿ ನನಗಿಂತ ಮೊದಲು ಮನೆ ಸೇರಿತ್ತು. ಗಂಡ ಸೋಫಾದ ಮೇಲೆ ಫೋನ್ ಹಿಡಿದು ಕೂತಿದ್ದ.

"ಎಲ್ಲಾರೂ ನನಗ ಮೆಸೇಜ್ ಮಾಡ್ಲಿಕ್ಕತ್ತಾರ. ನಿನಗ್ಯಾಕ ಬೇಕಿತ್ತು ಇದು? ನಿಂದೇನು ಹೋಗ್ತಿತ್ತು?"

"ಒಂದs ದಿನದಾಗ ಇಬ್ಬರು ಅದನ್ನ ಕೇಳಿದ್ರಿ," ಎಂದೆ. "ಕೈ ಸುಟ್ಟಕೊಂಡಾಕಿ ಕೇಳಿದ್ದು ತಡಕೊಂಡೆ. ನೀ ಕೇಳಬ್ಯಾಡ."

ಅವನು ಮತ್ತೆ ಕೇಳಲಿಲ್ಲ. ನನ್ನ ಪರವಾಗಿಯೂ ಯಾರಿಗೂ ಏನೂ ಬರೆಯಲಿಲ್ಲ. ಆ ಸಿಟ್ಟು ಬೇರೆಯೇ ಒಂದು ಕತೆ. ಮುಂದಿನ ಹಬ್ಬದ ಊಟಗಳಿಗೆ ನಮ್ಮನ್ನು ಕರೆದರು, ಆದರೆ ಹೆಂಗಸರ ಗುಂಪಿನಲ್ಲಿ ನಾನು ಕೂತ ಕಡೆ ಕುರ್ಚಿಗಳು ಖಾಲಿ ಉಳಿಯುತ್ತಿದ್ದವು. ಅಕ್ಕನ ವ್ಯಾಪಾರ ನಿಲ್ಲಲಿಲ್ಲ. ಹೊಸ ಪಾತ್ರೆ ತರಿಸಿದಳಂತೆ. ದೋನ್ಯಾಳ ಮನೆಗೆ ಸಿಹಿ ಕಳಿಸಿದ್ದನ್ನು ತಾನೇ ಎಲ್ಲರಿಗೂ ಹೇಳಿದಳಂತೆ. "ಎಷ್ಟು ದೊಡ್ಡ ಮನಸ್ಸು," ಎಂದು ಹಬ್ಬದೂಟದ ಮನೆಯೊಂದರಲ್ಲಿ ಒಬ್ಬಳು ನನ್ನೆದುರೇ ಅಂದಳು. ನಾನು ಆ ಮನೆಯಿಂದ ಊಟ ಮಾಡದೆ ಎದ್ದು ಬಂದೆ.

ಚಳಿಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ, ಮೆಕ್ಸಿಕನ್ನರ ಕಿರಾಣಿ ಅಂಗಡಿಯಲ್ಲಿ ದೋನ್ಯಾ ಸಿಕ್ಕಳು. ಒಣಮೆಣಸಿನಕಾಯಿ ಆರಿಸುತ್ತಿದ್ದಳು. ಮುಂಗೈಯ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ನಾನು ಹತ್ತಿರ ಹೋಗಿ ನಿಂತೆ. ಅವಳು ತಲೆಯೆತ್ತಿ ನೋಡಿ, ಮತ್ತೆ ಮೆಣಸಿನಕಾಯಿಗೆ ಬಗ್ಗಿದಳು.

"ಕೆಲಸ ಅದ ಏನು?" ಎಂದೆ.

"ಅಲ್ಲಿ ಇಲ್ಲ. ವಾಸಿ ಆದ ಮ್ಯಾಲೆ ಕರದಳು. ಆದ್ರ ವಾರದಾಗ ಎರಡs ದಿನ ಕೊಟ್ಟಳು. ಅದರಾಗ ಹೊಟ್ಟಿ ತುಂಬತದೇನು? ಬಿಟ್ಟೆ. ಈಗ ಹೋಟೆಲಿನ ಲಾಂಡ್ರಿ." ಚೀಲದ ಬಾಯಿ ತಿರುಚಿ ಗಂಟು ಹಾಕಿದಳು. "ನಾ ಹೇಳಿದ್ದೆ ನಿನಗ."

"ಚಿಕಿತ್ಸೆ ಆತಲ್ಲ? ಕಾಲು ಉಳೀತಲ್ಲ? ಮನ್ಯಾಗ ಆತು ಅಂದಿದ್ರ ಆ ಖರ್ಚು ಯಾರು ಕೊಡ್ತಿದ್ರು? ಅಕಿ ಕೊಡ್ತಿದ್ದಳೇನು?"

"ಇಲ್ಲ. ಕೊಡ್ತಿರಲಿಲ್ಲ." ಈಗ ಅವಳು ನನ್ನ ಕಡೆ ಪೂರ್ತಿ ತಿರುಗಿದಳು. "ಸರಿನೋ ತಪ್ಪೋ ಅದು ಬ್ಯಾರೆ. ನಾ ಒಂದ ಮಾತು ಹೇಳಿದೆ, ನೀ ಬ್ಯಾರೆ ಮಾತು ಹೇಳಿದಿ. ನನ್ನ ಬಾಯಿಂದ. ಯಾಕ?"

"ಅದು ನಿನ್ನ ಮಾತಲ್ಲ. ಅಕಿ ಹೇಳಿಕೊಟ್ಟ ಸುಳ್ಳು."

"ಅಕಿ ಹೇಳಿಕೊಟ್ಟಳು. ಆದ್ರ ಹೇಳಬೇಕು ಅಂತ ನಿರ್ಧಾರ ಮಾಡಿದ್ದು ನಾನು. ಆ ಸುಳ್ಳು ನಂದಿತ್ತು."

ನನ್ನ ಬಳಿ ಉತ್ತರವಿತ್ತು. ಅದು ಸ್ಪ್ಯಾನಿಶ್‌ನಲ್ಲಿ ಸರಿಯಾಗಿ ಬರಲಿಲ್ಲ, ಇನ್ನೂ ದೊಡ್ಡ ದನಿಯಲ್ಲಿ ಹೇಳಿದೆ. ಅವಳೂ ದನಿ ಏರಿಸಿದಳು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದವನು ನಮ್ಮ ಕಡೆ ಕತ್ತು ಚಾಚಿ, ಜಗಳವಿದ್ದರೆ ಹೊರಗೆ ಆಡಿ ಎಂದ. ಹೊರಗೆ ಹೋದೆವು. ಮಳೆ ಹನಿಯುತ್ತಿತ್ತು, ಅವಳ ಬಸ್ಸು ಹೋಗಿಬಿಟ್ಟಿತ್ತು. ಚೀಲಗಳು ಭಾರವಿದ್ದವು. ನಾನು ಕಾರಿನ ಹಿಂದಿನ ಬಾಗಿಲು ತೆರೆದೆ. ಅವಳು ಚೀಲಗಳನ್ನು ಹಿಂದಿಟ್ಟು, ತಾನು ಮುಂದೆ ಕೂತಳು.

ಅವಳ ಮನೆಯ ತನಕವೂ ಜಗಳವಾಡಿದೆವು. ನಾನು ಮಾಡಿದ್ದು ಸರಿ ಎಂದು ನಾನು ಇವತ್ತಿಗೂ ಹೇಳುತ್ತೇನೆ. ಅಲ್ಲ ಎಂದು ಅವಳು ಇವತ್ತಿಗೂ ಹೇಳುತ್ತಾಳೆ, ಸಿಕ್ಕಾಗಲೆಲ್ಲ, ಏಕವಚನದಲ್ಲೇ.